ಎರಡನೇ ಸಲ ಬಂದವರು: ಮುಂಬಯಿಯ ಕನ್ನಡ ಸಂಘವೊಂದರ ರಕ್ತದಾನದ ಲೆಕ್ಕ

ಜನವರಿ 26ರ ಸಂಜೆ ಸಂಘದ ವರದಿಯಲ್ಲಿ ಒಂದು ಸಾಲು: “96 ಬಾಟಲಿ ರಕ್ತ ಸಂಗ್ರಹವಾಯಿತು.” ಜೊತೆಗೆ ಬ್ಯಾನರಿನ ಮುಂದೆ ನಿಂತ ಪದಾಧಿಕಾರಿಗಳ ಫೋಟೋ. ಮೇ ಎರಡನೇ ವಾರ ಅದೇ ಸಂಘದ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಸಾಲು: “ಅರ್ಜೆಂಟ್, ಎ ಪಾಸಿಟಿವ್ ಎರಡು ಬಾಟಲಿ ಬೇಕು, ದಯವಿಟ್ಟು ಫಾರ್ವರ್ಡ್ ಮಾಡಿ.” ಕೇಳಿದವರು ಸಂಘದ ಸದಸ್ಯರೇ. ಜನವರಿಯಲ್ಲಿ ರಕ್ತ ಕೊಟ್ಟ 96 ಮಂದಿಯಲ್ಲಿ ಅರ್ಧದಷ್ಟು ಜನ ರಜೆಗೆ ಊರಿಗೆ ಹೋಗಿದ್ದರು, ಕೆಲವರ ನಂಬರ್ ಬದಲಾಗಿತ್ತು, ಉಳಿದವರಿಗೆ ತಾವು ಮತ್ತೆ ಕೊಡಬಹುದೆಂದೇ ಗೊತ್ತಿರಲಿಲ್ಲ.

ಇಲ್ಲಿ ಬರುವುದು ನಿಜವಾದ ಒಂದೇ ಸಂಘವಲ್ಲ. ಡೊಂಬಿವಲಿ, ಥಾಣೆ, ಮುಲುಂಡ್ ಕಡೆ ಸಂಘದವರು ನಡೆಸುವ ಶಿಬಿರಗಳಲ್ಲಿ ಸಾಮಾನ್ಯವಾಗಿ ಎದುರಾಗುವುದನ್ನು ಕೂಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಸಂಘದ ಸಂಖ್ಯೆಗಳು ಲೆಕ್ಕ ಹಿಡಿಯುವುದಕ್ಕೆ ಇಟ್ಟುಕೊಂಡವು. ವಯಸ್ಸು, ತೂಕ, ಅಂತರ, ಉಷ್ಣತೆ ಇತ್ಯಾದಿ ಅಂಕಿಗಳು ಮಾತ್ರ ದೇಶದಲ್ಲಿ ಜಾರಿಯಲ್ಲಿರುವ ನಿಯಮ ಮತ್ತು ಮಾರ್ಗಸೂಚಿಗಳವು.

ಪುಸ್ತಕ ತೆರೆದಾಗ

ಸಂಘದ ಕಪಾಟಿನಲ್ಲಿ ಮೂರು ವರ್ಷದ ನೋಂದಣಿ ಪುಸ್ತಕಗಳಿದ್ದವು. ಹೆಸರು, ಫೋನ್, ರಕ್ತದ ಗುಂಪು, ಸಹಿ, ಇಷ್ಟೇ ಕಾಲಂ. ಮೂರನ್ನೂ ಪಕ್ಕಪಕ್ಕ ಇಟ್ಟು ಫೋನ್ ನಂಬರ್ ಹೊಂದಿಸಿದಾಗ ತಿಳಿದದ್ದು ಹೀಗೆ: ಕೊನೆಯ ಶಿಬಿರಕ್ಕೆ ಬಂದವರು 120 ಮಂದಿ, ವಾಪಸ್ಸಾದವರು 24, ಕೊಟ್ಟವರು 96. ಆ 96ರಲ್ಲಿ ಹಿಂದಿನ ಎರಡು ಪುಸ್ತಕಗಳಲ್ಲೂ ಹೆಸರಿದ್ದವರು 14. ಅಂದರೆ ಸಂಘ ಪ್ರತಿ ವರ್ಷ ಹೊಸಬರನ್ನು ಹುಡುಕಿ ತಂದು, ಬಿಸ್ಕತ್ತು ಕೊಟ್ಟು, ಕೈಬಿಡುತ್ತಿತ್ತು. ಬಾಟಲಿ ಎಣಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ, ಏಕೆಂದರೆ ಬಾಟಲಿಯ ಸಂಖ್ಯೆ ಪ್ರತಿ ವರ್ಷವೂ ಚೆನ್ನಾಗಿಯೇ ಇರುತ್ತದೆ.

ವಾಪಸ್ಸಾದ 24 ಮಂದಿಯ ಹೆಸರು ಪುಸ್ತಕದಲ್ಲಿ ಇತ್ತು, ಕಾರಣ ಇರಲಿಲ್ಲ, ಮತ್ತೆ ಯಾವಾಗ ಬರಬಹುದೆಂಬುದೂ ಇರಲಿಲ್ಲ. ಈ 24 ಮಂದಿ ರಜೆಯ ದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಲೋಕಲ್ ಹಿಡಿದು, ತೋಳು ಮಡಚಿ ಕೂತವರು. ಮನಸ್ಸು ಮಾಡಿಸುವ ಕಷ್ಟದ ಕೆಲಸ ಮುಗಿದಿತ್ತು. ಅವರನ್ನು ಸಂಘ ಕಳೆದುಕೊಂಡದ್ದು ಒಂದು ಚೀಟಿಯ ಕೊರತೆಯಿಂದ.

ವಾಪಸ್ಸು ಕಳಿಸುವ ಮೇಜು

ಹೆಚ್ಚಿನವರು ವಾಪಸ್ಸಾಗುವುದು ಹಿಮೋಗ್ಲೋಬಿನ್ ಮೇಜಿನಿಂದ. ಗಂಡಸರಿಗೂ ಹೆಂಗಸರಿಗೂ ಗೆರೆ ಒಂದೇ: ಡೆಸಿಲೀಟರಿಗೆ 12.5 ಗ್ರಾಂ. ಈಗ ಹಲವು ಕಡೆ ಪುಟ್ಟ ಯಂತ್ರ ಬಂದಿದೆ. ಆದರೆ ಶಿಬಿರಗಳಲ್ಲಿ ನೀಲಿ ದ್ರಾವಣದ ಗಾಜಿನ ಲೋಟ ಇನ್ನೂ ಕಾಣುತ್ತದೆ. ಅದು ತಾಮ್ರದ ಸಲ್ಫೇಟ್, ಸಾಪೇಕ್ಷ ಸಾಂದ್ರತೆ 1.053. ಬೆರಳು ಚುಚ್ಚಿ ತೆಗೆದ ಹನಿಯನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ದ್ರಾವಣಕ್ಕಿಂತ ಭಾರ, ಮುಳುಗುತ್ತದೆ. ಹದಿನೈದು ಸೆಕೆಂಡಿನೊಳಗೆ ತಳ ಸೇರಿದರೆ ಪಾಸು. ತೇಲಿದರೆ, ನಡುವೆ ನಿಂತು ಮೇಲೆ ಬಂದರೆ ಇಲ್ಲ.

ಇದರಲ್ಲಿ ತಪ್ಪುವುದು ಎಲ್ಲಿ? ಹನಿಯೊಳಗೆ ಗಾಳಿಯ ಗುಳ್ಳೆ ಸೇರಿದರೆ ಒಳ್ಳೆಯ ರಕ್ತವೂ ತೇಲುತ್ತದೆ. ಬೆರಳನ್ನು ಹಿಂಡಿ ಹಿಂಡಿ ತೆಗೆದರೆ ಅಂಗಾಂಶದ ನೀರು ಬೆರೆತು ತೆಳುವಾಗುತ್ತದೆ. ದ್ರಾವಣದ ಬಾಟಲಿಯನ್ನು ಮುಚ್ಚದೆ ಫ್ಯಾನಿನ ಕೆಳಗೆ ಇಟ್ಟರೆ ನೀರು ಆರಿ ಸಾಂದ್ರತೆ ಏರುತ್ತದೆ, ಆಗ 12.8 ಇದ್ದವರೂ ತೇಲಿಬಿಡುತ್ತಾರೆ. ಬಿದ್ದ ರಕ್ತದ ಹನಿಗಳಿಂದಲೂ ದ್ರಾವಣ ಕೆಡುತ್ತದೆ, ಹಾಗಾಗಿ ಮೂವತ್ತು ಮಿಲಿಲೀಟರ್ ದ್ರಾವಣವನ್ನು 25 ಪರೀಕ್ಷೆಗೆ ಒಮ್ಮೆ ಬದಲಿಸಬೇಕು ಎಂಬ ರೂಢಿ ಇದೆ. ಸಂಘದವರು ತಂತ್ರಜ್ಞರ ಕೆಲಸದಲ್ಲಿ ಕೈಹಾಕಬೇಕಿಲ್ಲ. ಆದರೆ ಆ ಮೇಜನ್ನು ಫ್ಯಾನಿನಿಂದ ದೂರ, ಬೆಳಕಿರುವ ಕಡೆ ಹಾಕುವುದು, ಗೆರೆಯ ಹತ್ತಿರ ಬಂದವರನ್ನು ಯಂತ್ರದಲ್ಲಿ ಇನ್ನೊಮ್ಮೆ ನೋಡಬಹುದೇ ಎಂದು ಮೊದಲೇ ವಿಚಾರಿಸಿಡುವುದು ಅವರ ಕೈಯಲ್ಲೇ ಇದೆ.

ವಾಪಸ್ಸಾದವರಿಗೆ ಶಿಬಿರದಲ್ಲಿ ಸಿಗುತ್ತಿದ್ದ ಮಾತು, “ನಿಮಗೆ ರಕ್ತ ಕಮ್ಮಿ ಇದೆ.” ಅದೂ ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ. ಈ ಮಾತು ಕೇಳಿ ಹೋದ ಹೆಂಗಸು ಮತ್ತೆ ಬರುವುದಿಲ್ಲ, ಮನೆಯಲ್ಲಿ ಗಂಡ ಮಕ್ಕಳಿಗೂ “ಬೇಡ” ಎನ್ನುತ್ತಾಳೆ. ಬದಲಾವಣೆ ಸಣ್ಣದು: ಹಿಮೋಗ್ಲೋಬಿನ್ ಮೇಜಿನ ಪಕ್ಕ ಒಂದು ಕುರ್ಚಿ, ಅಲ್ಲೊಬ್ಬ ಅಕ್ಕ, ಕೈಯಲ್ಲಿ ಚೀಟಿ. ಚೀಟಿಯಲ್ಲಿ ಅಂಕಿ ಬರೆದು ಮಡಚಿ ಕೊಡುವುದು, ವೈದ್ಯರಿಗೆ ತೋರಿಸಿ ಎನ್ನುವುದು, ಮತ್ತೆ ಪರೀಕ್ಷಿಸುವ ತಾರೀಕು ಹೇಳುವುದು. 12ರ ಆಸುಪಾಸಿನಲ್ಲಿರುವವರು ಊಟದ ಜೊತೆ ಚಹಾ ಬಿಟ್ಟು ಒಂದು ಗಂಟೆ ಆಚೀಚೆ ಕುಡಿದರೆ, ನುಗ್ಗೆಸೊಪ್ಪು, ಬಸಳೆ, ಕಾಳುಗಳ ಜೊತೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಸ್ವಲ್ಪ ಚೆನ್ನಾಗಿ ಹೀರುತ್ತದೆ. ಅದಕ್ಕಿಂತ ಕೆಳಗಿದ್ದರೆ ಸೊಪ್ಪು ಸಾಲದು, ಡಾಕ್ಟರು ಕಾರಣ ಹುಡುಕಿ ಮಾತ್ರೆ ಕೊಡಬೇಕು. ಬೀಟ್‌ರೂಟ್ ರಸ ಕೆಂಪಗಿದೆ ಎಂಬುದನ್ನು ಬಿಟ್ಟರೆ ಅದಕ್ಕೆ ಸಿಗುವ ಪ್ರಚಾರಕ್ಕೆ ತಕ್ಕ ಗುಣವೇನಿಲ್ಲ.

ಉಳಿದ ಕಾರಣಗಳಿಗೂ ತಾರೀಕು ಇದೆ. ಹಚ್ಚೆ ಹಾಕಿಸಿಕೊಂಡವರು, ಕಿವಿ ಮೂಗು ಚುಚ್ಚಿಸಿಕೊಂಡವರು ಹನ್ನೆರಡು ತಿಂಗಳು ಕಾಯಬೇಕು. ಮಲೇರಿಯಾ ಬಂದು ಗುಣವಾದವರು ಮೂರು ತಿಂಗಳು, ಡೆಂಗ್ಯೂ ಬಂದವರು ಆರು ತಿಂಗಳು, ಟೈಫಾಯ್ಡ್ ಬಂದವರು ಒಂದು ವರ್ಷ. ದೊಡ್ಡ ಆಪರೇಷನ್ ಆದವರು ಒಂದು ವರ್ಷ, ಸಣ್ಣದಕ್ಕೆ ಆರು ತಿಂಗಳು. ಆಂಟಿಬಯೋಟಿಕ್ ಕೋರ್ಸಿನ ಕೊನೆಯ ಮಾತ್ರೆ ಮುಗಿದು ಎರಡು ವಾರ. ಹೆರಿಗೆಯಾಗಿ ಒಂದು ವರ್ಷ, ಮೊಲೆಹಾಲು ಕುಡಿಸುವಷ್ಟು ಕಾಲವೂ ಇಲ್ಲ. ಮುಂಬಯಿಯಲ್ಲಿ ಮಳೆಗಾಲ ಕಳೆದ ಮೇಲೆ ಡೆಂಗ್ಯೂ ಬಂದವರು ಪ್ರತಿ ಕಟ್ಟಡದಲ್ಲೂ ಸಿಗುತ್ತಾರೆ. ಅಕ್ಟೋಬರಿನಲ್ಲಿ ಬಂದು ವಾಪಸ್ಸಾದವರು ಏಪ್ರಿಲಿಗೆ ಬರಬಹುದು ಎಂದು ಯಾರಾದರೂ ಹೇಳಿದರೆ ತಾನೇ ಅವರು ಬರುವುದು?

ಇನ್ನು ಬಾರದೇ ಉಳಿದವರು. ಸಂಘದ ಐವತ್ತು ದಾಟಿದ ಸದಸ್ಯರು ಬಿಪಿ, ಶುಗರ್ ಎಂದು ತಾವೇ ದೂರ ನಿಲ್ಲುತ್ತಿದ್ದರು. ಮಾತ್ರೆಯಿಂದ ಬಿಪಿ ಹಿಡಿತದಲ್ಲಿದ್ದು, ಮೇಲಿನದು 100ರಿಂದ 140, ಕೆಳಗಿನದು 60ರಿಂದ 90ರೊಳಗೆ ಇದ್ದರೆ, ನಾಲ್ಕು ವಾರದಿಂದ ಔಷಧಿ ಬದಲಾಗದಿದ್ದರೆ ಕೊಡಬಹುದು. ಶುಗರ್ ಮಾತ್ರೆಯವರೂ ಹಾಗೆಯೇ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಕೊಡುವಂತಿಲ್ಲ. ಮೊದಲ ಸಲ ಕೊಡುವವರಿಗೆ 60 ವರ್ಷದವರೆಗೆ, ಕೊಟ್ಟು ರೂಢಿಯಿದ್ದವರಿಗೆ 65ರವರೆಗೆ ಅವಕಾಶ. ಕೊನೆಯ ಮಾತು ಶಿಬಿರದ ವೈದ್ಯಾಧಿಕಾರಿಯದು. ಆದರೆ ಮೇಜಿನವರೆಗೆ ಬರದೆ ಮನೆಯಲ್ಲೇ ಕೂತು ತೀರ್ಪು ಕೊಟ್ಟುಕೊಳ್ಳುವುದು ಬೇಡ.

ತಾರೀಕಿನ ತಕರಾರು

ಗಂಡಸರು ಎರಡು ದಾನಗಳ ನಡುವೆ 90 ದಿನ, ಹೆಂಗಸರು 120 ದಿನ ಬಿಡಬೇಕು. ಜನವರಿ 26ಕ್ಕೆ ಕೊಟ್ಟ ಗಂಡಸಿಗೆ 90 ದಿನ ತುಂಬುವುದು ಏಪ್ರಿಲ್ 26ಕ್ಕೆ, ಹೆಂಗಸಿಗೆ 120 ತುಂಬುವುದು ಮೇ 26ಕ್ಕೆ. ಅಷ್ಟರಲ್ಲಿ ಶಾಲೆಗೆ ರಜೆ ಸಿಕ್ಕಿ, ಮತ್ಸ್ಯಗಂಧ ರೈಲಿನ ಟಿಕೆಟ್ ತಿಂಗಳುಗಳ ಹಿಂದೆಯೇ ಬುಕ್ ಆಗಿ, ಮನೆಮಂದಿಯೆಲ್ಲ ಉಡುಪಿ, ಕುಂದಾಪುರ, ಕಾರ್ಕಳದ ಕಡೆ ಕೋಲ, ನೇಮ, ಮದುವೆ ಎಂದು ಹೊರಟಿರುತ್ತಾರೆ. ಮುಂಬಯಿಯ ಬ್ಲಡ್ ಬ್ಯಾಂಕುಗಳು ಬರಿದಾಗುವುದೂ ಅದೇ ಏಪ್ರಿಲ್ ಮೇಯಲ್ಲಿ. ಕಾಲೇಜುಗಳು ಮುಚ್ಚಿರುತ್ತವೆ, ಆಫೀಸುಗಳಲ್ಲಿ ಅರ್ಧ ಜನ ರಜೆ. ರೋಗಿಗಳಿಗೆ ಮಾತ್ರ ರಜೆ ಇಲ್ಲ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ಮೇಯಲ್ಲೂ.

ಜನವರಿಯ 96 ಬಾಟಲಿ ಮೇಗೆ ಉಳಿದಿರಲು ಸಾಧ್ಯವೇ ಇಲ್ಲ. ತೆಗೆದ ರಕ್ತವನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂಬ ಘಟಕಗಳಾಗಿ ಬೇರ್ಪಡಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕಾಯುವ ಸಿಪಿಡಿಎ ದ್ರಾವಣದ ಚೀಲದಲ್ಲಿ ಕೆಂಪುಕಣ 2ರಿಂದ 6 ಡಿಗ್ರಿಯಲ್ಲಿ 35 ದಿನ, ಬಾಳಿಕೆ ಹೆಚ್ಚಿಸುವ ಸ್ಯಾಗ್ಎಂ ದ್ರಾವಣ ಸೇರಿಸಿದರೆ 42 ದಿನ ಇರುತ್ತದೆ. ಪ್ಲೇಟ್‌ಲೆಟ್ 20ರಿಂದ 24 ಡಿಗ್ರಿಯಲ್ಲಿ ಸತತ ಅಲುಗಾಡಿಸುತ್ತ ಇಟ್ಟರೂ ಐದೇ ದಿನ. ಪ್ಲಾಸ್ಮಾ ಮಾತ್ರ ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಗಣರಾಜ್ಯೋತ್ಸವದ ದಿನ, ಸ್ವಾತಂತ್ರ್ಯದ ದಿನ, ಯಾವುದೋ ಮುಖಂಡರ ಹುಟ್ಟುಹಬ್ಬದ ದಿನ ಊರಿಗೆ ಊರೇ ಶಿಬಿರ ಮಾಡಿದರೆ ಫ್ರಿಜ್ ತುಂಬುತ್ತದೆ, ತಿಂಗಳೊಪ್ಪತ್ತಿನಲ್ಲಿ ಅವಧಿ ಮುಗಿಯುತ್ತದೆ. ಹೀಗೆ ನೋಡಿದರೆ ಜನವರಿ 26 ಎಂಬ ತಾರೀಕನ್ನು ಆರಿಸಿದ್ದೇ ಮೊದಲ ತಪ್ಪು, ಎಷ್ಟೇ ದೇಶಭಕ್ತಿ ಇದ್ದರೂ.

ಸಂಘ ಶಿಬಿರವನ್ನು ಜನವರಿ ಹತ್ತರ ಸುಮಾರಿಗೆ ಎಳೆಯಿತು. 10ಕ್ಕೆ ಕೊಟ್ಟವರಿಗೆ 90 ದಿನ ತುಂಬುವುದು ಏಪ್ರಿಲ್ 10ಕ್ಕೆ. ಊರಿಗೆ ಹೋಗುವವರು ಇನ್ನೂ ಇಲ್ಲೇ ಇರುತ್ತಾರೆ. ಏಪ್ರಿಲ್ 10ರ ರಕ್ತ 35 ದಿನದ ಲೆಕ್ಕದಲ್ಲಿ ಮೇ 15ರವರೆಗೆ, 42ರ ಲೆಕ್ಕದಲ್ಲಿ ಮೇ 22ರವರೆಗೆ ಬಾಳುತ್ತದೆ. ಕೊರತೆಯ ತಿಂಗಳ ಬಹುಪಾಲನ್ನು ಅದು ದಾಟಿಸುತ್ತದೆ. ಮುಂದಿನದು ಜುಲೈ ಎರಡನೇ ವಾರ, ಆಮೇಲೆ ಅಕ್ಟೋಬರ್ ಎರಡನೇ ವಾರ. ಡೆಂಗ್ಯೂವಿನಿಂದ ಪ್ಲೇಟ್‌ಲೆಟ್ ಕೇಳುವವರು ಹೆಚ್ಚುವುದು ಈ ಮಳೆಗಾಲ ಮತ್ತು ಅದರ ಬೆನ್ನಿಗೇ. ಒಂದು 96ರ ಬದಲು ನಾಲ್ಕು 30. ಫೋಟೋ ಚಿಕ್ಕದಾಗುತ್ತದೆ. ಕಾರ್ಯಕಾರಿ ಸಮಿತಿಯಲ್ಲಿ ಇದಕ್ಕೇ ಹೆಚ್ಚು ವಿರೋಧ ಬಂದದ್ದು.

ಸಣ್ಣ ಶಿಬಿರಕ್ಕೆ ರಕ್ತ ಕೇಂದ್ರದವರು, ಅಂದರೆ ಬ್ಲಡ್ ಬ್ಯಾಂಕಿನವರು, ಬರುತ್ತಾರೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಮೂರು ತಾಸಿನಲ್ಲಿ 50ರಿಂದ 70 ದಾನಿಗಳಿಗೆ ನಿಯಮ ಕೇಳುವುದು ಒಬ್ಬ ವೈದ್ಯಾಧಿಕಾರಿ, ಆರೆಂಟು ಮಂಚಕ್ಕೆ ಇಬ್ಬರು ನರ್ಸ್, ಇಬ್ಬರು ಸಮಾಜ ಕಾರ್ಯಕರ್ತರು, ಮೂವರು ತಂತ್ರಜ್ಞರು, ಇಬ್ಬರು ಸಹಾಯಕರು, ಎಂಟು ಹತ್ತು ಜನ ಕೂರುವ ಗಾಡಿ. ಇಷ್ಟು ಜನರನ್ನು 30 ಬಾಟಲಿಗಾಗಿ ಕರೆಸುವುದು ದುಂದು. ಸಂಘ ಎರಡು ದಾರಿ ಹಿಡಿಯಿತು: ಏಪ್ರಿಲಿನದನ್ನು ಹತ್ತಿರದ ಇನ್ನೊಂದು ಸಂಘದ ಜೊತೆ ಸೇರಿ ಮಾಡುವುದು, ಜುಲೈ ಮತ್ತು ಅಕ್ಟೋಬರಿನಲ್ಲಿ ಶಿಬಿರವೇ ಬೇಡ, ಎಂಟು ಹತ್ತು ಜನರ ತಂಡಗಳಾಗಿ ರಕ್ತ ಕೇಂದ್ರಕ್ಕೇ ಹೋಗುವುದು. ಎರಡನೆಯದರಲ್ಲಿ ಇನ್ನೊಂದು ಲಾಭ ಇದೆ. ಅಲ್ಲಿಯ ದಾರಿ, ಮಹಡಿ, ಕೌಂಟರ್ ಒಮ್ಮೆ ಕಂಡವರು ಮುಂದಿನ ಸಲ ಸಂಘವಿಲ್ಲದೆಯೂ ಹೋಗುತ್ತಾರೆ.

ಮೊದಲ ಮುಕ್ಕಾಲು ಗಂಟೆ

ಎರಡನೇ ಸಲ ಬರುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಸಲ ತಲೆ ತಿರುಗಿತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಸೂಜಿ ಒಳಗಿರುವುದು ಐದರಿಂದ ಹತ್ತು ನಿಮಿಷ. ತೂಕ 45 ಕಿಲೋ ಇದ್ದರೆ 350 ಮಿಲಿಲೀಟರ್, 55ಕ್ಕಿಂತ ಹೆಚ್ಚಿದ್ದರೆ 450 ತೆಗೆಯಬಹುದು. ತಲೆ ತಿರುಗುವುದು ರಕ್ತ ಹೋದದ್ದಕ್ಕಿಂತ ಹೆಚ್ಚಾಗಿ ಹೆದರಿಕೆ, ಖಾಲಿ ಹೊಟ್ಟೆ, ನೀರಿನ ಕೊರತೆ, ನಿದ್ದೆಗೇಡಿನಿಂದ. ಹೊಸಬರು, ಚಿಕ್ಕ ವಯಸ್ಸಿನವರು, ತೂಕ ಕಮ್ಮಿ ಇರುವವರು ಬೇಗ ಬೀಳುತ್ತಾರೆ.

ಸಂಘದ ಹಳೆಯ ಶಿಬಿರ ಒಂದು ವರ್ಷ ಶನಿಪೂಜೆಯ ದಿನವೇ ಇತ್ತು. ಸಭಾಂಗಣಕ್ಕೆ ಎರಡು ಸಲ ಬಾಡಿಗೆ ಕೊಡುವುದು ತಪ್ಪಲಿ ಎಂಬ ಲೆಕ್ಕ. ಪೂಜೆಗೆ ಉಪವಾಸ ಇದ್ದವರೇ ಸಾಲಿನಲ್ಲಿ ನಿಂತರು. “ಊಟ ಆಯಿತಾ?” ಎಂದರೆ “ಆಯಿತು” ಎಂದರು, ಬೆಳಿಗ್ಗೆ ಕುಡಿದ ಚಹಾವನ್ನು ನೆನೆದು. ಅರ್ಧ ತಾಸಿನಲ್ಲಿ ಮೂವರು ಕುಸಿದರು. ದಾನಕ್ಕೆ ಮುಂಚಿನ ನಾಲ್ಕು ತಾಸಿನೊಳಗೆ ಏನಾದರೂ ತಿಂದಿರಬೇಕೆಂಬುದು ನಿಯಮ. ಈಗ ಕೇಳುವ ಪ್ರಶ್ನೆ ಬೇರೆ: “ಬೆಳಿಗ್ಗೆ ಏನು ತಿಂದಿರಿ, ಎಷ್ಟು ಗಂಟೆಗೆ?” ಇಡ್ಲಿ ಎಂದು ಹೇಳಲು ಇಡ್ಲಿ ತಿಂದಿರಬೇಕಾಗುತ್ತದೆ.

ಸೂಜಿಗೆ ಹತ್ತು ಹದಿನೈದು ನಿಮಿಷ ಮೊದಲು ಅರ್ಧ ಲೀಟರ್ ನೀರು ಕುಡಿಸುವುದು ಕಮ್ಮಿ ಖರ್ಚಿನ ಒಳ್ಳೆಯ ಉಪಾಯ. ಪೂರ್ತಿ ಅರ್ಧ ಲೀಟರ್, ಒಂದು ಗುಟುಕಲ್ಲ. ಉಪ್ಪು ಹಾಕಿದ ಮಜ್ಜಿಗೆಯಾದರೂ ಸರಿ. ಮಂಚದ ಮೇಲೆ ಮಲಗಿದಾಗ ಕಾಲ ಮೇಲೆ ಕಾಲು ಹಾಕಿ ತೊಡೆ, ಪೃಷ್ಠದ ಸ್ನಾಯುಗಳನ್ನು ಐದಾರು ಸೆಕೆಂಡು ಬಿಗಿ ಹಿಡಿದು ಬಿಡುತ್ತಿದ್ದರೆ ರಕ್ತದೊತ್ತಡ ಇಳಿಯುವುದಿಲ್ಲ, ಹೊಸಬರ ಮನಸ್ಸೂ ಸೂಜಿಯಿಂದ ಆಚೆ ಹೋಗುತ್ತದೆ. ಮುಖ ಬಿಳಿಚಿ, ಹಣೆ ಬೆವರಿ, ಆಕಳಿಕೆ ಬಂದರೆ ಅದು ಮುನ್ಸೂಚನೆ. ನರ್ಸನ್ನು ಕರೆಯಬೇಕು, ಕಾಲು ಎತ್ತಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದು ಮಾತ್ರ ಬೇಡವೇ ಬೇಡ.

ಮುಂಬಯಿಯ ಶಿಬಿರಗಳಿಗೆ ಅಂಟಿದ ಇನ್ನೊಂದು ತೊಂದರೆ ಲೋಕಲ್ ಗಾಡಿ. ಮಂಚದಿಂದ ಇಳಿದು ಮೂರೇ ನಿಮಿಷಕ್ಕೆ “ಹನ್ನೆರಡು ಹತ್ತರ ಫಾಸ್ಟ್ ಇದೆ” ಎಂದು ಹೊರಟವನು ಬೀಳುವುದು ಶಿಬಿರದಲ್ಲಲ್ಲ, ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ. ಹದಿನೈದು ನಿಮಿಷ ಕೂರಿಸಲೇಬೇಕು. ಕೂರಿ ಎಂದರೆ ಕೂರುವುದಿಲ್ಲ, ಬಿಸಿ ಉಪ್ಪಿಟ್ಟು ಕೊಟ್ಟರೆ ಕೂರುತ್ತಾರೆ. ಪ್ಯಾಕೆಟ್ ಬಿಸ್ಕತ್ತನ್ನು ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಇನ್ನೊಂದು, ಕೈ. ಗಾಡಿಯಲ್ಲಿ ಬಲಗೈಯಿಂದ ಹಿಡಿಕೆ ಹಿಡಿದು ನೇತಾಡುವವರು ಬಲಗೈಯಲ್ಲೇ ರಕ್ತ ಕೊಟ್ಟರೆ, ಸೂಜಿಯ ತೂತಿನ ಮೇಲೆ ಒತ್ತಡ ಬಿದ್ದು ಒಳಗೇ ರಕ್ತ ಸುರಿದು ಮೊಣಕೈ ನೀಲಿಗಟ್ಟುತ್ತದೆ. ನೋವು ಹೆಚ್ಚಿಲ್ಲ, ಆದರೆ ಮರುದಿನ ಆಫೀಸಿನಲ್ಲಿ ಆ ನೀಲಿ ಕಲೆ ತೋರಿಸಿದ್ದನ್ನು ಹತ್ತು ಜನ ನೋಡುತ್ತಾರೆ. ಹಾಗಾಗಿ ನೋಂದಣಿ ಮೇಜಿನಲ್ಲೇ ಕೇಳಿ, “ಗಾಡಿಯಲ್ಲಿ ಯಾವ ಕೈಯಲ್ಲಿ ಹಿಡಿಯುತ್ತೀರಿ?” ನರ ಸಿಕ್ಕರೆ ಇನ್ನೊಂದು ಕೈಯಲ್ಲಿ ತೆಗೆಯಬಹುದು.

ರಕ್ತದ ಚೀಲಗಳಿಗೂ ಗಾಡಿಯ ಚಿಂತೆ ಇದೆ. ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದರೆ ತೆಗೆದ ಆರೆಂಟು ತಾಸಿನೊಳಗೆ ಚೀಲ ಪ್ರಯೋಗಾಲಯ ಸೇರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಸಂಜೆ ಐದಕ್ಕೆ ಮುಗಿಯುವ ಶಿಬಿರದಲ್ಲಿ ಕೊನೆಗೊಂದೇ ಗಾಡಿ ಹೊರಟರೆ, ಮೇಲೆ ಟ್ರಾಫಿಕ್ಕೂ ಸೇರಿದರೆ, ಬೆಳಗಿನ ಚೀಲಗಳಿಂದ ಪ್ಲೇಟ್‌ಲೆಟ್ ಸಿಗದು. ನಡುಮಧ್ಯಾಹ್ನ ಒಂದು ಸಲ ಚೀಲ ಸಾಗಿಸುವ ಮಾತು ಮೊದಲೇ ಆಗಿರಬೇಕು. “ಒಂದು ಬಾಟಲಿ, ಮೂರು ಜೀವ” ಎಂದು ಬ್ಯಾನರ್ ಹಾಕುವವರು ಈ ಗಾಡಿಯ ವ್ಯವಸ್ಥೆಯನ್ನೂ ನೋಡಿಕೊಳ್ಳಬೇಕು.

ಎಂಬತ್ತನೆಯ ದಿನದ ಫೋನು

ಹೊಸ ಪುಸ್ತಕಕ್ಕೆ ಸೇರಿದ ಕಾಲಂ ಎರಡೇ: “ಮತ್ತೆ ಯಾವಾಗ”, “ಕರೆಯುವವರು ಯಾರು”. ರಕ್ತ ಕೊಟ್ಟವರು ಉಪ್ಪಿಟ್ಟು ತಿನ್ನುತ್ತಿರುವಾಗಲೇ ಮೊದಲನೆಯದನ್ನು ಅವರ ಎದುರೇ ಬರೆದು, ಮೊಬೈಲಿನ ಕ್ಯಾಲೆಂಡರಿನಲ್ಲೂ ಹಾಕಿಸುವುದು. ಒಬ್ಬ ಸ್ವಯಂಸೇವಕನಿಗೆ ಹದಿನೈದಕ್ಕಿಂತ ಹೆಚ್ಚು ಹೆಸರು ಬೇಡ. ಆದಷ್ಟು ಅದೇ ಕಟ್ಟಡದವರು, ಅದೇ ಊರಿನವರು. ಗುಂಪಿಗೆ ಹಾಕಿದ ಸಂದೇಶವನ್ನು ಎಲ್ಲರೂ ಓದುತ್ತಾರೆ, ತನಗಲ್ಲ ಎಂದುಕೊಳ್ಳುತ್ತಾರೆ. ಹೆಸರು ಹಿಡಿದು ಬಂದ ಫೋನನ್ನು ಹಾಗೆ ದಾಟಲಾಗುವುದಿಲ್ಲ.

ಮೊದಲ ಸಂದೇಶ ಮೂರನೇ ದಿನ: “ಅಣ್ಣ, ಕೈ ನೋವೇನಾದರೂ ಇದೆಯಾ? ಸುಸ್ತು?” ಏನನ್ನೂ ಕೇಳದ, ಏನನ್ನೂ ಬೇಡದ ಸಂದೇಶ. ಎಂಬತ್ತನೆಯ ದಿನ ಫೋನು, ತುಳುವಿನವರಿಗೆ ತುಳುವಿನಲ್ಲೇ. ಮಾತು ಹೀಗೆ: “ಶೆಟ್ರೇ, ಜನವರಿಯಲ್ಲಿ ಕೊಟ್ಟಿದ್ದಿರಲ್ಲ, ಹತ್ತನೇ ತಾರೀಕಿಗೆ ತೊಂಬತ್ತು ದಿನ ಆಗ್ತದೆ. ಭಾನುವಾರ ಹತ್ತು ಗಂಟೆಗೆ ನಾವು ಆರು ಜನ ಹೋಗ್ತಿದ್ದೇವೆ. ನೀವು ಹತ್ತಕ್ಕೆ ಬರ್ತೀರಾ, ಹನ್ನೊಂದಕ್ಕೆ ಬರ್ತೀರಾ?” ‘ಬರ್ತೀರಾ’ ಎಂಬುದಕ್ಕಿಂತ ‘ಎಷ್ಟಕ್ಕೆ’ ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಸಂಜೆ ಏಳರ ಹೊತ್ತಿಗೆ ಫೋನ್ ಮಾಡಿದರೆ ಅವರು ಗಾಡಿಯ ಗಲಾಟೆಯಲ್ಲಿ “ಆಯ್ತು ಆಯ್ತು” ಎಂದು ಇಟ್ಟುಬಿಡುತ್ತಾರೆ. ಆ ‘ಆಯ್ತು’ ಲೆಕ್ಕಕ್ಕಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಒಳ್ಳೆಯದು.

ಇಲ್ಲಿ ಸಂಘ ಎಡವಿತು. ಏಪ್ರಿಲಿನ ಕರೆ ಹೋಗುವಾಗ ಪಟ್ಟಿಯನ್ನು ಗಂಡಸರು ಹೆಂಗಸರು ಎಂದು ಬೇರ್ಪಡಿಸಿರಲಿಲ್ಲ. ಹನ್ನೊಂದು ಮಂದಿ ಹೆಂಗಸರು 90ನೇ ದಿನ ಬಂದು, ಇನ್ನೂ ಮೂವತ್ತು ದಿನ ಬಾಕಿ ಎಂದು ವಾಪಸ್ಸಾದರು. ಸಂಘವೇ ಕರೆಸಿ ಸಂಘವೇ ಕಳಿಸಿದಂತಾಯಿತು. ಹೆಂಗಸರಿಗೆ ಜನವರಿಯ ನಂತರದ ಸರದಿ ಮೇ 10, ಆಗ ಅವರು ಊರಲ್ಲಿ. ಹಾಗಾಗಿ ಅವರನ್ನು ಜನವರಿ ಮತ್ತು ಜುಲೈ ಎಂದು ವರ್ಷಕ್ಕೆ ಎರಡೇ ಸಲ ಕರೆಯುವುದು ಎಂದಾಯಿತು. ಕಬ್ಬಿಣಾಂಶದ ಲೆಕ್ಕದಲ್ಲೂ ಇದೇ ಸರಿ. 350 ಮಿಲಿಲೀಟರ್ ರಕ್ತದ ಜೊತೆ ಸುಮಾರು 150 ಮಿಲಿಗ್ರಾಂಗೂ ಮೇಲ್ಪಟ್ಟು ಕಬ್ಬಿಣ ಹೊರಹೋಗುತ್ತದೆ. ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿದರೂ, ಕೆಂಪುಕಣ ಕೆಲವು ವಾರದಲ್ಲಿ ಬಂದರೂ, ಕಬ್ಬಿಣದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ನಾಲ್ಕೂ ಸಲ ಕೊಡುವ ಗಂಡಸರ ಹಿಮೋಗ್ಲೋಬಿನ್ ಸಲದಿಂದ ಸಲಕ್ಕೆ ಇಳಿಯುತ್ತಿದ್ದರೆ ಒಂದು ಸರದಿ ಬಿಡಿಸಬೇಕು. ಉತ್ಸಾಹಿಗಳಿಗೆ ಇದನ್ನು ಹೇಳುವುದು ಸುಲಭವಲ್ಲ.

ನೆಗೆಟಿವ್ ಗುಂಪಿನವರನ್ನು ಶಿಬಿರಕ್ಕೆ ಒಟ್ಟಿಗೆ ಕರೆಯುವುದನ್ನು ನಿಲ್ಲಿಸಲಾಯಿತು. ನಮ್ಮಲ್ಲಿ ಅವರು ನೂರಕ್ಕೆ ಐದರಷ್ಟು. ಎಲ್ಲರದೂ ಒಂದೇ ದಿನ ತೆಗೆದರೆ ಮುಂದಿನ ಮೂರು ತಿಂಗಳು ಕರೆಯಲು ಯಾರೂ ಉಳಿಯುವುದಿಲ್ಲ. ಅವರ ಪಟ್ಟಿ ರಕ್ತ ಕೇಂದ್ರದವರ ಬಳಿ ಇದೆ, ಬೇಕಾದಾಗ ಒಬ್ಬೊಬ್ಬರಾಗಿ ಕರೆಯುತ್ತಾರೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇದೇ ನಗರದಲ್ಲಿ ಗುರುತಿಸಿದ ‘ಬಾಂಬೆ ಗುಂಪು’ ಇನ್ನೂ ವಿರಳ; ಸಾದಾ ಪರೀಕ್ಷೆಯಲ್ಲಿ ಅದು ಓ ಎಂದೇ ತೋರುತ್ತದೆ, ಅವರ ರಕ್ತದ ತಿಳಿದ್ರವ (ಸೀರಂ) ಓ ಗುಂಪಿನ ಕೆಂಪುಕಣಗಳನ್ನೂ ಗುಂಪುಗಟ್ಟಿಸಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಅಂಥವರು ಬಾಂಬೆ ಗುಂಪಿನ ರಕ್ತ ಮಾತ್ರ ಪಡೆಯಬಲ್ಲರು. ದಾನಿಗಳಲ್ಲಿ ಒಬ್ಬರು ಹಾಗೆ ಸಿಕ್ಕರೆ ಅವರ ಫೋನ್ ನಂಬರ್ ಬದಲಾಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಹೋಟೆಲಿನ ಹುಡುಗರು

ಸಂಘದ ಶಿಬಿರಕ್ಕೆ ಜನ ಸಾಲದಾದಾಗ ಹೋಟೆಲ್ ಮಾಲಕರಿಗೆ ಫೋನ್ ಹೋಗುತ್ತಿತ್ತು: “ನಾಲ್ಕು ಹುಡುಗರನ್ನು ಕಳಿಸಿ.” ಹುಡುಗರು ಬರುತ್ತಿದ್ದರು. ಧಣಿ ಹೇಳಿದ ಮೇಲೆ ಬರದೆ ಇರುವುದು ಹೇಗೆ? ಇದನ್ನು ಸ್ವಯಂಪ್ರೇರಿತ ದಾನ ಎನ್ನಲಾಗದು. 1998ರ ಜನವರಿಯಿಂದ ದೇಶದಲ್ಲಿ ರಕ್ತ ಮಾರುವುದು ನಿಂತದ್ದು ಹಣಕ್ಕಾಗಿ ಬಂದವರು ಕಾಯಿಲೆ ಮುಚ್ಚಿಡುತ್ತಾರೆಂಬ ಕಾರಣದಿಂದಲೂ ಹೌದು. ಒತ್ತಾಯಕ್ಕೆ ಬಂದವರೂ ಹಾಗೇ ಮುಚ್ಚಿಡುತ್ತಾರೆ. ಎಲ್ಲ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೆ ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದಿರಬಹುದು. ಆಗ ಉಳಿಯುವ ರಕ್ಷಣೆ ದಾನಿಯ ನಿಜವಾದ ಉತ್ತರ ಒಂದೇ.

ಆ ಉತ್ತರಕ್ಕೆ ಸಂಘವೇ ಅಡ್ಡಿಯಾಗಿತ್ತು. ಪ್ರಶ್ನೆಪತ್ರ ಮರಾಠಿ, ಇಂಗ್ಲಿಷಿನಲ್ಲಿ. ಕುಂದಾಪುರದಿಂದ ಬಂದು ಆರು ತಿಂಗಳಾದ ಹುಡುಗನಿಗೆ ಎರಡೂ ಬಾರದು. ಸಂಘದ ಹಿರಿಯರೊಬ್ಬರು ಪಕ್ಕ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಲೈಂಗಿಕ ಸಂಬಂಧದ ಪ್ರಶ್ನೆ ಬಂದಾಗ, ತನ್ನ ಊರಿನ, ತನ್ನ ಧಣಿಯ ಗೆಳೆಯರಾದ ಅವರ ಎದುರು ಹುಡುಗ ಏನು ಹೇಳಬೇಕು? “ಇಲ್ಲ” ಎಂದೇ ಹೇಳುತ್ತಾನೆ. ಈಗ ಪ್ರಶ್ನೆಗಳ ಕನ್ನಡ ಹಾಳೆ ಇದೆ, ಓದಿಕೊಳ್ಳಲು ಮೂಲೆಯೊಂದು ಇದೆ. ಉತ್ತರ ವೈದ್ಯಾಧಿಕಾರಿಯ ಜೊತೆ ಒಬ್ಬನೇ ಕೂತು; ಪ್ರಶ್ನೆಯ ನಂಬರಿನ ಎದುರು ಗುರುತು ಹಾಕಿದರೆ ಸಾಕು. “ಇವತ್ತು ಕೊಡುವುದಿಲ್ಲ” ಎಂದರೆ ಯಾರೂ ಕಾರಣ ಕೇಳುವಂತಿಲ್ಲ, ಅವನಿಗೂ ಉಪ್ಪಿಟ್ಟು ಅಷ್ಟೇ. ಪರೀಕ್ಷೆಯ ಫಲಿತಾಂಶ ರಕ್ತ ಕೇಂದ್ರ ಮತ್ತು ದಾನಿಯ ನಡುವಿನದು. ಸಂಘಕ್ಕೆ ಬರುವುದು “ಇವರನ್ನು ಕರೆಯಬೇಡಿ” ಎಂಬ ಒಂದು ಮಾತು ಮಾತ್ರ, ಅದೂ ಫೋನ್ ಮಾಡುವವನಿಗೆ ತಿಳಿಯುವುದಿಲ್ಲ. ಹೆಸರು ಪಟ್ಟಿಯಿಂದ ಸುಮ್ಮನೆ ಇಳಿಯುತ್ತದೆ.

ಇನ್ನು ನಿದ್ದೆ. ರಾತ್ರಿ ಪಾಳಿ ಮುಗಿಸಿ ಸರಿಯಾಗಿ ನಿದ್ದೆ ಮಾಡದವರು ಕೊಡಬಾರದು. ಮೈಮುರಿಯುವ ಕೆಲಸದವರು, ದೂರದ ಗಾಡಿ ಓಡಿಸುವವರು ಮುಂದಿನ ಪಾಳಿಗೆ 24 ತಾಸು ಬಾಕಿ ಇದ್ದಾಗಲೇ ಕೊಡಬೇಕು. ಮಧ್ಯಾಹ್ನದ ಎರಡು ತಾಸಿನ ಬಿಡುವಿನಲ್ಲಿ ಬಂದು ರಕ್ತ ಕೊಟ್ಟು, ಸಂಜೆ ಮತ್ತೆ ದೋಸೆ ಕಾವಲಿಯ ಮುಂದೆ ನಿಲ್ಲುವುದು ಈ ನಿಯಮಕ್ಕೆ ವಿರುದ್ಧ. ಕಾವಲಿಯ ಮೇಲೆ ಬಿದ್ದರೆ ಗತಿಯೇನು? ವಾರದ ರಜೆಯ ದಿನ ಬೆಳಿಗ್ಗೆ ಬರುವುದೊಂದೇ ದಾರಿ. ಮಾಲಕರಿಂದ ಸಂಘ ಈಗ ಕೇಳುವುದು ಹುಡುಗರನ್ನಲ್ಲ, ವಾರದ ರಜೆಯ ಪಟ್ಟಿಯನ್ನು. ಅಡುಗೆಮನೆಯ ಗೋಡೆಗೆ ಒಂದು ಕನ್ನಡದ ಹಾಳೆ, ಒಂದು ಫೋನ್ ನಂಬರ್, ಅಷ್ಟೇ. ಇದರಿಂದ ಹೋಟೆಲಿನಿಂದ ಬರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಬಂದವರು ಮಾತ್ರ ತಾವಾಗಿ ಬಂದವರು, ಗೆಳೆಯನನ್ನು ಕರೆತಂದವರೂ ಅವರೇ.

ಉಡುಗೊರೆ ಮತ್ತು ಕಾರ್ಡು

ಉಡುಗೊರೆಯಾಗಿ ಕೈಚೀಲ, ಟಿಫಿನ್ ಡಬ್ಬಿ ಕೊಡುವುದು ನಿಂತ ಶಿಬಿರದಲ್ಲಿ ಜನ ಕಮ್ಮಿಯಾದರು. ಗೊಣಗಾಟವೂ ಇತ್ತು. ಆದರೆ ಡಬ್ಬಿಗಾಗಿ ಬರುವವರು ಮುಂದಿನ ಸಲ ದೊಡ್ಡ ಡಬ್ಬಿ ಕೊಡುವ ಶಿಬಿರಕ್ಕೆ ಹೋಗುತ್ತಾರೆ, ನಡುವೆ 90 ದಿನ ಕಳೆದಿದೆಯೇ ಎಂದು ನೋಡುವುದಿಲ್ಲ. ಪ್ರಮಾಣಪತ್ರ, ತಿಂಡಿ, ಬಂದು ಹೋಗುವ ಖರ್ಚು, ಇವಿಷ್ಟರಲ್ಲಿ ತಪ್ಪಿಲ್ಲ.

ರಕ್ತ ಕೊಟ್ಟವರಿಗೆ ಕೊಡುವ ದಾನಿ ಕಾರ್ಡಿನದು ಬೇರೆ ಕಥೆ. ಸಂಘದವರು ವೇದಿಕೆಯಿಂದ “ಈ ಕಾರ್ಡ್ ಇದ್ದರೆ ನಿಮ್ಮ ಮನೆಯವರಿಗೆ ಯಾವಾಗ ಬೇಕಾದರೂ ರಕ್ತ ಉಚಿತ” ಎಂದುಬಿಟ್ಟಿದ್ದರು. ಎರಡು ವರ್ಷದ ಮೇಲೆ ಒಬ್ಬ ದಾನಿ ತಾಯಿಯ ಆಪರೇಷನ್ನಿಗೆ ಕಾರ್ಡ್ ಹಿಡಿದು ಹೋದಾಗ ಅದರ ಅವಧಿ ಮುಗಿದಿತ್ತು. ಅವರು ಆಮೇಲೆ ಬರಲಿಲ್ಲ, ಅವರ ಕಟ್ಟಡದಿಂದ ಯಾರೂ ಬರಲಿಲ್ಲ. ರಕ್ತಕ್ಕೆ ಬೆಲೆಯಿಲ್ಲ, ಪರೀಕ್ಷೆ, ಚೀಲ, ಬೇರ್ಪಡಿಸುವಿಕೆಗೆ ಸಂಸ್ಕರಣ ಶುಲ್ಕವಷ್ಟೇ ಇರುತ್ತದೆ. ಕಾರ್ಡಿನಿಂದ ಏನು ಸಿಗುತ್ತದೆ, ಯಾರಿಗೆ, ಎಷ್ಟು ತಿಂಗಳವರೆಗೆ, ಯಾವ ರಕ್ತ ಕೇಂದ್ರದಲ್ಲಿ ಎಂಬುದನ್ನು ಆಯಾ ಕೇಂದ್ರದಿಂದ ಬರಹದಲ್ಲಿ ಪಡೆದು, ಕನ್ನಡದಲ್ಲಿ ಕಾರ್ಡಿನ ಹಿಂದೆ ಅಂಟಿಸಿ ಕೊಡುವುದು ಈಗಿನ ಕ್ರಮ. ಭರವಸೆ ಚಿಕ್ಕದಾಯಿತು, ಜಗಳವೂ ನಿಂತಿತು.

ಮೇ ತಿಂಗಳ “ಅರ್ಜೆಂಟ್” ಸಂದೇಶಗಳು ಪೂರ್ತಿ ನಿಂತಿಲ್ಲ. ಗುಂಪಿನಲ್ಲಿ ಹಾಕುವಾಗ ತಾರೀಕು, ಆಸ್ಪತ್ರೆ, ಎಷ್ಟು ಬಾಟಲಿ, ಯಾವ ಘಟಕ ಎಂಬುದಿಲ್ಲದ ಸಂದೇಶವನ್ನು ಅಡ್ಮಿನ್ ತೆಗೆದುಹಾಕುತ್ತಾರೆ, ಬೇಡಿಕೆ ಮುಗಿದ ಕೂಡಲೇ “ಸಿಕ್ಕಿತು” ಎಂದು ಹಾಕಿಸುತ್ತಾರೆ. ಮೊದಲು ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ಯಾವ ಕೇಂದ್ರದಲ್ಲಿ ದಾಸ್ತಾನಿದೆ ಎಂದು ನೋಡಿ, ಫೋನ್ ಮಾಡಿ ಖಚಿತಪಡಿಸಿಕೊಂಡು, ಆಮೇಲೆ ದಾನಿಗಳನ್ನು ಕರೆಯುವುದು. ವಿರಾರ್, ಪನ್ವೇಲ್ ಕಡೆ ಮನೆ ಬದಲಿಸಿದವರ ಹೆಸರನ್ನು ಪಟ್ಟಿಯಿಂದ ತೆಗೆಯದೆ, ಅವರ ಹೊಸ ಮನೆಯ ಹತ್ತಿರದ ರಕ್ತ ಕೇಂದ್ರ ಹುಡುಕಿ ಕೊಡುವುದು ಮಾತ್ರ ಇನ್ನೂ ಆಗಿಲ್ಲ. ಆ ಹದಿನೇಳು ಹೆಸರು ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿವೆ.